ಎದುರುಮನೆ ಫುಟ್‌ಬಾಲಿಗನ ಕರೆಯದ ಹಬ್ಬ

ನನಗೆ ಫುಟ್‌ಬಾಲ್ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ಚೆಂಡನ್ನು ಕೈಯಲ್ಲಿ ಮುಟ್ಟಬಾರದು, ಮುಟ್ಟಿದರೆ ಎಲ್ಲರೂ ಕೂಗಾಡುತ್ತಾರೆ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಗಂಡನನ್ನು ಕಂಪನಿ ಇಲ್ಲಿಗೆ ಕಳಿಸಿತೆಂದು ಮಲೇಷ್ಯಾಕ್ಕೆ ಬಂದವಳು ನಾನು. ಪುಚೊಂಗಿನ ಈ ಕಾಂಡೊದಲ್ಲಿ ನಮ್ಮದು ಹನ್ನೊಂದನೇ ಮಹಡಿ. ಇಲ್ಲಿ ನನಗೆ ಕೆಲಸವಿಲ್ಲ, ಕುತೂಹಲ ಮಾತ್ರ ಇದೆ. ನಮ್ಮ ಯಜಮಾನರು ಅದನ್ನು ಊರ ಉಸಾಬರಿ ಅನ್ನುತ್ತಾರೆ. ಅನ್ನಲಿ. ಕಂಪ್ಯೂಟರ್ ಬಿಟ್ಟು ತಲೆ ಎತ್ತದವರಿಗೆ ಊರು ಕಾಣುವುದಾದರೂ ಹೇಗೆ?

ಎದುರು ಫ್ಲ್ಯಾಟಿಗೆ ಎರಡು ವರ್ಷದ ಹಿಂದೆ ಒಬ್ಬ ಬಾಡಿಗೆಗೆ ಬಂದ. ಆರೂಕಾಲು ಅಡಿ ಎತ್ತರ, ಬೋಳಿಸಿದ ತಲೆ, ಎಡಹುಬ್ಬಿನ ಮೇಲೆ ಹೊಲಿಗೆಯ ಗುರುತು. ದಿನಾ ಸಂಜೆ ಎರಡು ಕೈಯಲ್ಲೂ ಐಸಿನ ಚೀಲ ಹಿಡಿದುಕೊಂಡು ಬರುತ್ತಿದ್ದ. ಮೀನಿನ ವ್ಯಾಪಾರವೋ, ದಿನವೂ ಪಾರ್ಟಿಯೋ ಎಂದು ತಲೆ ಕೆಡಿಸಿಕೊಂಡು ಎರಡು ವಾರ ಕಳೆದೆ. ಮೂರನೇ ವಾರ ಲಿಫ್ಟಿನಲ್ಲಿ ಸಿಕ್ಕಾಗ ಕೇಳಿಯೇ ಬಿಟ್ಟೆ.

"ಇಷ್ಟೊಂದು ಐಸ್ ಏನ್ ಮಾಡ್ತೀರಿ?"

"ಮೊಣಕಾಲಿಗೆ ಇಟ್ಕೋತೀನಿ, ಆಂಟಿ."

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವನ ಇಂಗ್ಲಿಷು ಒಂಬತ್ತು ದೇಶ ಸುತ್ತಿ ಬಂದದ್ದು, ನನ್ನದು ಸರ್ಕಾರಿ ಶಾಲೆಯದು. ಇಬ್ಬರದೂ ಹೇಗೋ ಹೊಂದಿಕೊಂಡಿತು. ಆದರೆ ಆಂಟಿ ಅನ್ನುವ ಮಾತು ಮಾತ್ರ ಚುಚ್ಚಿತು. ಅವನಿಗೆ ಮೂವತ್ತಾರು, ನನಗೆ ಐವತ್ತೆರಡು. ಮಲೇಷ್ಯಾದಲ್ಲಿ ತರಕಾರಿ ಮಾರುವವರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರೂ ಆಂಟಿ ಅನ್ನುತ್ತಾರೆ, ಅದನ್ನು ಇವನೂ ಬಂದ ಮೂರೇ ವಾರಕ್ಕೆ ಕಲಿತಿದ್ದ.

ಅವನು ಸೆರ್ಬಿಯಾದವನು, ಇಲ್ಲಿಯ ಒಂದು ಕ್ಲಬ್ಬಿಗೆ ಆಡಲು ಬಂದ ಫುಟ್‌ಬಾಲ್ ಆಟಗಾರ ಎಂದು ತಿಳಿದದ್ದು ಅವತ್ತೇ. ಎಷ್ಟು ಗೋಲು ಹೊಡೆದಿದ್ದೀರಿ ಎಂದು ಕೇಳಿದೆ. ನನಗೆ ಬೇರೆ ಏನು ಕೇಳಬೇಕೆಂದು ಗೊತ್ತಿರಲಿಲ್ಲ. ಅವನು ನಕ್ಕು, "ಇಷ್ಟು ವರ್ಷದಲ್ಲಿ ಹೊಡೆದದ್ದು ಎಣಿಸೋಕೆ ಕೈಬೆರಳು ಸಾಕು, ಆಂಟಿ. ಗೋಲು ಆಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಡಿಫೆಂಡರ್," ಅಂದ. ಮನೆಗೆ ಬಂದು ಇದನ್ನು ಯಜಮಾನರಿಗೆ ಹೇಳಿದೆ. ಏನೂ ಆಗದ ಹಾಗೆ ನೋಡಿಕೊಳ್ಳುವ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಇಪ್ಪತ್ತೇಳು ವರ್ಷದಿಂದ ಸಂಸಾರ ಮಾಡುತ್ತಿರುವ ನನಗೆ ಅದು ಗೊತ್ತು ಎಂದೂ ಸೇರಿಸಿದೆ. ಅವರು ಹೂಂ ಅಂದರು.

ಆಮೇಲೆ ಅವನು ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಫಿಲ್ಟರ್ ಕಾಫಿಗೆ ಬರತೊಡಗಿದ. ಅವನು ಸೋಫಾದಲ್ಲಿ ಕಾಲು ನೀಡಿ ಕೂರುತ್ತಿದ್ದ, ನಾನು ಕೆದಕಿ ಕೆದಕಿ ಕೇಳುತ್ತಿದ್ದೆ. ಆಟದ ಬಗ್ಗೆ ಅಲ್ಲ. ಆ ದೇಶದಲ್ಲಿ ಬೆಳಗ್ಗೆ ಏನು ತಿನ್ನುತ್ತಿದ್ದಿರಿ, ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ, ಜ್ವರ ಬಂದರೆ ಗಂಜಿ ಯಾರು ಮಾಡಿಕೊಡುತ್ತಿದ್ದರು, ಇಂಥವು. ಇಂಥದ್ದನ್ನು ತನ್ನನ್ನು ಯಾವ ಪತ್ರಿಕೆಯವರೂ ಕೇಳಿಲ್ಲ ಎನ್ನುತ್ತಿದ್ದ. ಅವರಿಗೆ ಕೇಳಲು ಬಂದಿಲ್ಲ, ಅಷ್ಟೆ.

ಅವನ ಊರು ನದಿಯ ದಂಡೆಯ ಸಣ್ಣ ಪೇಟೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಲ್ಲಿ ಸಕ್ಕರೆ ಮಾಡುವುದು ಕಬ್ಬಿನಿಂದಲ್ಲವಂತೆ, ಮೂಲಂಗಿಯ ಹಾಗಿರುವ ಒಂದು ಗೆಡ್ಡೆಯಿಂದ. ರಜೆಗೆಲ್ಲ ಅಜ್ಜಿಮನೆಗೆ ಹೋಗಿ ಮಂಡ್ಯದ ಕಬ್ಬಿನ ಲಾರಿಗಳ ಹಿಂದೆ ಓಡಿ ಜಲ್ಲೆ ಎಳೆದು ತಿಂದು ಬೆಳೆದ ನನಗೆ ಇದನ್ನು ನಂಬಲು ಒಂದು ದಿನ ಬೇಕಾಯಿತು. ಕಾರ್ಖಾನೆಯ ಮೈದಾನದಲ್ಲಿ ಆಡಲು ಶುರುಮಾಡಿದವನು ಹತ್ತೊಂಬತ್ತಕ್ಕೆ ಸ್ವಂತ ದೇಶದ ಸಣ್ಣ ಕ್ಲಬ್ಬು ಸೇರಿದ, ಅಲ್ಲಿಂದ ಪಕ್ಕದ ಬೋಸ್ನಿಯಾ, ಅಲ್ಲಿಂದ ಗ್ರೀಸಿನ ಒಂದು ದ್ವೀಪ. ದ್ವೀಪದ ಮೈದಾನ ಸಮುದ್ರಕ್ಕೆ ಅಂಟಿಕೊಂಡೇ ಇತ್ತಂತೆ. ಚೆಂಡು ನೀರಿಗೆ ಬಿದ್ದರೆ ತರಲು ಒಬ್ಬ ಮುದುಕ ದೋಣಿಯಲ್ಲಿ ಕಾದು ಕೂತಿರುತ್ತಿದ್ದನಂತೆ. ಆ ಮುದುಕನಿಗೆ ಬೇರೆ ಏನು ಕೆಲಸವಿತ್ತು ಎಂದು ನಾನು ಕೇಳಿದೆ. ಅದು ಅವನಿಗೂ ಗೊತ್ತಿರಲಿಲ್ಲ. ಇವತ್ತಿಗೂ ನನಗೆ ಆ ಪ್ರಶ್ನೆ ಇದೆ.

ಆಮೇಲೆ ಕಜಕಸ್ತಾನ. ಅಲ್ಲಿ ಹಿಮದ ಮೇಲೆ, ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಟ. ಮೊಣಕಾಲು ಹೋದದ್ದು ಅಲ್ಲಿ. ಮದುವೆಯೂ ಮುರಿದದ್ದು ಅಲ್ಲೇ. ಹೆಂಡತಿ ಮೊದಲ ಚಳಿಗಾಲ ಮುಗಿಯುವ ಮುಂಚೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಇದನ್ನು ಅವನು ಹೇಳಿದ್ದು ಒಂದೇ ವಾಕ್ಯದಲ್ಲಿ, ನಾನೂ ಆವತ್ತು ಎರಡನೇ ಪ್ರಶ್ನೆ ಕೇಳಲಿಲ್ಲ. ನನಗೂ ಅಷ್ಟು ಮರ್ಯಾದೆ ಇದೆ. ಅಲ್ಲಿಂದ ಒಮಾನ್, ವಿಯೆಟ್ನಾಂ, ಹಾಂಗ್‌ಕಾಂಗ್, ಇಂಡೋನೇಷ್ಯಾ. ಹಾಂಗ್‌ಕಾಂಗಿನ ರೂಮು ಎಷ್ಟು ಚಿಕ್ಕದೆಂದರೆ ಮಂಚದಿಂದ ಹೊರಬಿದ್ದ ಪಾದಗಳನ್ನು ಸ್ಟೂಲಿನ ಮೇಲಿಟ್ಟು ಮಲಗುತ್ತಿದ್ದ.

"ಯಾಕೆ ಇಷ್ಟೊಂದು ದೇಶ? ಒಂದ್ಕಡೆ ನೆಟ್ಟಗೆ ಇರೋಕಾಗಲ್ವಾ?" ಎಂದು ಬೈದೆ.

"ಕಾಂಟ್ರಾಕ್ಟ್ ಒಂದು ಸೀಸನ್ನಿಗೆ ಮಾತ್ರ, ಆಂಟಿ. ಸೀಸನ್ ಮುಗಿದಾಗ ಏಜೆಂಟ್ ಫೋನ್ ಮಾಡ್ತಾನೆ, ಒಂದು ದೇಶದ ಹೆಸರು ಹೇಳ್ತಾನೆ. ನಾನು ಮ್ಯಾಪಿನಲ್ಲಿ ಹುಡುಕ್ತೀನಿ."

"ಫೋನ್ ಬರ್ದೇ ಇದ್ರೆ?"

"ಬರದಿದ್ರೆ, ನನಗೆ ವಯಸ್ಸಾಯ್ತು ಅಂತ," ಎಂದು ಕಾಫಿಯ ಲೋಟ ಕೆಳಗಿಟ್ಟ.

ಪ್ರತಿ ಊರಿಗೆ ಹೋದಾಗಲೂ ಅವನು ಮೊದಲು ಕಲಿಯುತ್ತಿದ್ದದ್ದು ಮೂರು ಮಾತು: 'ಹಿಂದೆ ಇದ್ದಾನೆ', 'ಬಿಡು, ನನ್ನದು', 'ಮುಂದೆ ಹೋಗಿ'. ಡಿಫೆಂಡರ್ ಆದವನಿಗೆ ಇಡೀ ಮೈದಾನ ಎದುರಿಗೆ ಕಾಣುತ್ತದೆ, ಬೇರೆಯವರಿಗೆ ಬೆನ್ನ ಹಿಂದಿನದು ಕಾಣದು, ಆದ್ದರಿಂದ ಕೂಗುವುದು ಅವನ ಪಾಲಿನ ಕೆಲಸ. ಊಟ, ನೀರು, ನಮಸ್ಕಾರ ಇವೆಲ್ಲ ಆಮೇಲೆ. ನಾನು ಆ ಮೂರನ್ನೂ ಕನ್ನಡದಲ್ಲಿ ಹೇಳಿಕೊಟ್ಟೆ. ಒಂದು ದಿನ ಲಿಫ್ಟಿನ ಬಾಗಿಲಿಗೆ ನನ್ನ ಸೆರಗು ಸಿಕ್ಕುವುದರಲ್ಲಿತ್ತು, "ಮುಂದೆ ಹೋಗಿ!" ಎಂದು ಗುಡುಗಿದ. ಜೊತೆಗಿದ್ದ ಚೀನಿ ಅಜ್ಜಿ ಹೆದರಿ ಗೋಡೆಗೆ ಒರಗಿದಳು.

ಒಮ್ಮೆ ಪಾಸು ಕೊಟ್ಟು ಮ್ಯಾಚಿಗೆ ಕರೆದ. ಯಜಮಾನರನ್ನು ಎಳೆದುಕೊಂಡು ಹೋದೆ. ಚೆಂಡು ಎಲ್ಲಿದೆ ಎಂದು ನಾನು ನೋಡಲೇ ಇಲ್ಲ, ತೊಂಬತ್ತು ನಿಮಿಷ ಅವನನ್ನೇ ನೋಡಿದೆ. ಆಶ್ಚರ್ಯವೆಂದರೆ ಅವನೂ ಚೆಂಡನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಜನರನ್ನು ನೋಡುತ್ತಿದ್ದ. ಯಾರು ಎಲ್ಲಿ ಖಾಲಿ ಬಿಟ್ಟಿದ್ದಾರೆ, ಯಾರು ದಣಿದಿದ್ದಾರೆ ಎಂದು ಕತ್ತು ತಿರುಗಿಸುತ್ತಲೇ ಇದ್ದ, ಬಾಯಿಗೆ ಬಿಡುವೇ ಇಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಯಾರ ಎಲೆಗೆ ಏನು ಬಂದಿಲ್ಲ ಎಂದು ನೋಡುತ್ತ ನಿಲ್ಲುವ ಸೋದರಮಾವನ ಹಾಗೆ ಕಂಡ. ನನಗೆ ಅವನ ಮೇಲೆ ತುಂಬ ಪ್ರೀತಿ ಬಂತು.

ಹೋದ ಮೇ ತಿಂಗಳಲ್ಲಿ ಅವನ ಅಪ್ಪ ತೀರಿಕೊಂಡರು. ನಾಲ್ಕು ದಿನಕ್ಕೆ ಹೋಗಿ ಮಣ್ಣು ಮಾಡಿ ಬಂದು, ಐದನೇ ದಿನ ಮ್ಯಾಚ್ ಆಡಿದ. ಅಕ್ಟೋಬರಿನಲ್ಲಿ ಒಂದು ಸಂಜೆ ಕಾಫಿ ಕುಡಿಯುತ್ತ, ಇಂಡಿಯನ್ ಅಂಗಡಿಯಲ್ಲಿ ಹಿಟ್ಟು ಮಾಡದ ಇಡೀ ಗೋಧಿ ಸಿಗುತ್ತದೆಯೇ ಎಂದು ಕೇಳಿದ. ಯಾಕೆ ಎಂದು ನಾನು ಕೇಳದೆ ಇರುತ್ತೇನೆಯೇ?

ಅವರಲ್ಲಿ ಒಂದೊಂದು ಮನೆತನಕ್ಕೂ ಒಬ್ಬೊಬ್ಬ ಸಂತ, ನಮ್ಮ ಮನೆದೇವರ ಹಾಗೆ. ವರ್ಷಕ್ಕೊಂದು ದಿನ ಆ ಸಂತನ ಹಬ್ಬ. ಅದಕ್ಕೆ ಸ್ಲಾವಾ ಅನ್ನುತ್ತಾರೆ. ಮೇಣದ ದೊಡ್ಡ ಬತ್ತಿ ಹಚ್ಚಬೇಕು, ಬ್ರೆಡ್ಡಿನ ಹಾಗೆ ಉಬ್ಬಿದ ದುಂಡನೆಯ ರೊಟ್ಟಿ ಮಾಡಬೇಕು, ಬೇಯಿಸಿದ ಗೋಧಿಯನ್ನು ಅರೆದು ಸಕ್ಕರೆ, ಅಕ್ರೋಟು ಬೆರೆಸಿ ಇಡಬೇಕು. ಅಪ್ಪ ಇರುವವರೆಗೆ ಹಬ್ಬ ಅಪ್ಪನ ಮನೆಯಲ್ಲಿ. ಅಪ್ಪ ಹೋದ ಮೇಲೆ ಮಗ ಎಲ್ಲಿರುತ್ತಾನೋ ಅಲ್ಲಿ. ಇವರದು ಕ್ರಿಸ್‌ಮಸ್ಸಿಗೆ ಆರು ದಿನ ಮುಂಚೆ ಬರುತ್ತದೆ. ಆಟದ ಸೀಸನ್ನಿನ ನಡುವೆ ಬರುವುದರಿಂದ ಅವನು ಹದಿನೈದು ವರ್ಷ ಆ ದಿನ ಮನೆಯಲ್ಲಿ ಇದ್ದದ್ದೇ ಇಲ್ಲ, ಫೋನಿನಲ್ಲೇ ನೋಡಿದ್ದು. ಈ ಸಲ ಹಬ್ಬ ಅವನದು, ಬಿದ್ದದ್ದು ಶುಕ್ರವಾರ.

"ಆ ದಿನ ಜನ ಬರದ ಮನೆ ಮನೆಯೇ ಅಲ್ಲ, ಅಂತ ಅಪ್ಪ ಹೇಳ್ತಿದ್ದ. ಒಂಬತ್ತು ದೇಶದಲ್ಲಿ ಬಾಡಿಗೆ ಕಟ್ಟಿದ್ದೀನಿ, ಆಂಟಿ. ನನಗೆ ಮನೆ ಅಂತ ಒಂದು ಇದೆಯಾ ಇಲ್ವಾ, ಈ ಸಲ ಗೊತ್ತಾಗುತ್ತೆ. ಆ ಶುಕ್ರವಾರ ಬೆಳಗ್ಗೆಯಿಂದ ನಾನು ಮನೇಲೇ ಇರ್ತೀನಿ," ಅಂದ.

ಇರು, ಬೇಡ ಅಂದವರು ಯಾರು ಎಂದು ನಾನು ಗೋಧಿಯ ವಿಷಯಕ್ಕೆ ಬಂದೆ. ತಮಿಳರ ಅಂಗಡಿಯಿಂದ ಎರಡು ಕಿಲೋ ತರಿಸಿದೆ. ಡಿಸೆಂಬರಿನ ಎರಡನೇ ಭಾನುವಾರ ನನ್ನ ಅಡುಗೆಮನೆಯಲ್ಲೇ ಪರೀಕ್ಷೆ ನಡೆಯಿತು. ಗೋಧಿಯನ್ನು ಹಿಂದಿನ ದಿನ ನೆನೆಹಾಕಿ, ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದೆ. ಸೆರ್ಬಿಯಾದಿಂದ ಅವನ ಅಮ್ಮ ಫೋನಿನ ಪರದೆಯಲ್ಲಿ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು. ಪ್ರತಿ ಸೀಟಿಗೂ ಬೆಚ್ಚಿಬಿದ್ದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ನಾನು ಒಂದು ಚಿಟಿಕೆ ಏಲಕ್ಕಿ ಹಾಕಲು ಹೋದಾಗ ಮಾತ್ರ ಅಮ್ಮನೂ ಮಗನೂ ಒಟ್ಟಿಗೆ ಕೂಗಿಕೊಂಡರು. ಏಲಕ್ಕಿ ಇಲ್ಲದ ಸಿಹಿ ಯಾವ ದೇವರಿಗೆ ಸೇರುತ್ತದೋ ಎಂದು ಗೊಣಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅಮ್ಮ ಏನೋ ಕೇಳಿದರು. ಏನಂತೆ ಅಂದೆ. "ಜನ ಬರ್ತಾರಾ ಅಂತ ಕೇಳ್ತಿದ್ದಾಳೆ. ಶುಕ್ರವಾರ ನಾನು ಮನೇಲೇ ಇರ್ತೀನಿ, ಆಂಟಿ," ಅಂದ. ಹಾಗೆಯೇ, ನಾನು ಬೆಳ್ಳುಳ್ಳಿ ತಿನ್ನುತ್ತೇನೆಯೇ ಎಂದೂ ಕೇಳಿದ. ಈರುಳ್ಳಿ ಆಗುತ್ತದೆ, ಬೆಳ್ಳುಳ್ಳಿ ಆಗುವುದಿಲ್ಲ ಎಂದೆ.

ಇಲ್ಲಿಂದ ಶುರುವಾಯಿತು ನನ್ನ ಕಾಯುವಿಕೆ. ನಮ್ಮಲ್ಲಿ ಕರೆಯುವುದಕ್ಕೆ ಒಂದು ಕ್ರಮ ಇದೆಯಲ್ಲ. ಮನೆಗೆ ಬರಬೇಕು, ಕುಂಕುಮ ಕೊಡಬೇಕು, ಇಂಥ ದಿನ, ಇಂಥ ಹೊತ್ತು, ಊಟಕ್ಕೆ ತಪ್ಪದೆ ಬನ್ನಿ ಎಂದು ಬಾಯಿಬಿಟ್ಟು ಹೇಳಬೇಕು. ಮದುವೆಯ ಪತ್ರಿಕೆ ಅಂಚೆಯಲ್ಲಿ ಬಂತು, ಬಂದು ಕರೆಯಲಿಲ್ಲ ಎಂದು ಸ್ವಂತ ಚಿಕ್ಕಪ್ಪನ ಮಗಳ ಮದುವೆಗೆ ಹೋಗದ ವಂಶ ನಮ್ಮದು. ಅವನಿಗೆ ಕುಂಕುಮ ಗೊತ್ತಿಲ್ಲ, ಸರಿ. ಬಾಯಿಮಾತಾದರೂ ಬೇಡವೇ? ಮ್ಯಾಚಿಗೆ ಕರೆಯಲು ಬಂದವನಿಗೆ ಮನೆಗೆ ಕರೆಯಲು ಬರುವುದಿಲ್ಲವೇ?

ಬುಧವಾರ ನನ್ನ ಮಂಗಳೂರಿನ ಗೆಳತಿಗೆ ಫೋನ್ ಮಾಡಿದೆ. ಅವಳು ಇದೇ ಕಟ್ಟಡದ ಒಂಬತ್ತನೇ ಮಹಡಿಯವಳು, ಕ್ಯಾಥೊಲಿಕ್, ಬಾಂಗ್ಸಾರ್‌ನ ಆಫೀಸಿನಲ್ಲಿ ದೊಡ್ಡ ಕೆಲಸ. ಆ ಹಬ್ಬಕ್ಕೆ ಮಾಂಸ, ಹಾಲು, ಮೊಟ್ಟೆ ನಿಷಿದ್ಧ, ಮೀನು ನಡೆಯುತ್ತದೆ. ಯಾವ ಮೀನು, ಎಲ್ಲಿ, ಹೇಗೆ ಆರಿಸುವುದು ಎಂದು ಅವನಿಗೆ ಮಾರ್ಕೆಟ್ಟಿನಲ್ಲಿ ತೋರಿಸಿಕೊಟ್ಟವಳು ಅವಳೇ.

"ನಿನ್ನನ್ನು ಕರೆದ್ನಾ?" ಅಂದೆ.

"ಇಲ್ಲ ಮಾರಾಯ್ತಿ. ನಿನ್ನನ್ನು?"

"ನನ್ನನ್ನೂ ಇಲ್ಲ. ಹಬ್ಬದ ಗೋಧಿ ಬೇಯಿಸೋಕೆ ಅಂತ ಕೊಟ್ಟ ನನ್ನ ಕುಕ್ಕರ್ ಅವನ ಮನೇಲಿದೆ!"

"ಎಂತ ಜನ ನೋಡು! ಮೀನು ಆರಿಸ್ಲಿಕ್ಕೆ ನಾನು ಬೇಕು, ತಿನ್ಲಿಕ್ಕೆ ಬೇಡ. ಶುಕ್ರವಾರ ಮನೇಲಿ ಇರ್ತೇನೆ ಅಂತ ಮಾತ್ರ ಎರಡು ಸರ್ತಿ ಹೇಳಿದ. ಅವ ಮನೇಲಿ ಇದ್ರೆ ನನಗೆಂತ?"

ಗುರುವಾರ ಸಂಜೆ ಬೆಲ್ಲಾಯಿತು. ಅವನೇ. ಸೆರಗು ಸರಿಮಾಡಿಕೊಂಡು, ಮುಖಕ್ಕೆ ಒಂದು ನಗು ತಂದುಕೊಂಡು ಬಾಗಿಲು ತೆಗೆದೆ. ತೊಳೆದ ಕುಕ್ಕರ್ ನನ್ನ ಕೈಗೆ ಕೊಟ್ಟ. ಒಳಗೆ ಒಂದು ಹಣ್ಣು ಕೂಡ ಇರಲಿಲ್ಲ, ಬರಿದು. ಯಾರಾದರೂ ಪಾತ್ರೆ ಬರಿದಾಗಿ ತಿರುಗಿಸುತ್ತಾರೆಯೇ? "ಥ್ಯಾಂಕ್ಸ್ ಆಂಟಿ. ಟೀಮು ಪೆನಾಂಗಿಗೆ ಮ್ಯಾಚಿಗೆ ಹೋಯ್ತು. ಮೊಣಕಾಲು ಊದಿದೆ ಅಂತ ನನ್ನನ್ನ ಬಿಟ್ಟು ಹೋದರು. ನಾಳೆ ಬೆಳಗ್ಗೆಯಿಂದ ಮನೇಲಿ ಇರ್ತೀನಿ," ಅಂದ. ಅಂದು ಅಲ್ಲೇ ನಿಂತ. ನಾನು ಆ ಮುಂದಿನ ಮಾತಿಗೆ ಕಾದೆ. ಅವನು ನನ್ನ ಮುಖ ನೋಡುತ್ತ ನಿಂತಿದ್ದ, ನಾನು ಅವನ ಮುಖ ನೋಡುತ್ತ ನಿಂತಿದ್ದೆ. ಕೊನೆಗೆ "ಸರಿ" ಎಂದು ನಾನೇ ಬಾಗಿಲು ಹಾಕಿಕೊಂಡೆ. ಅಡುಗೆಮನೆಗೆ ಹೋಗಿ ಕುಕ್ಕರನ್ನು ಸದ್ದಾಗುವ ಹಾಗೆ ಇಟ್ಟೆ.

ಶುಕ್ರವಾರ ಬೆಳಗ್ಗೆ ಏಳಕ್ಕೇ ಮೀನು ಹುರಿಯುವ ವಾಸನೆ ಬಂತು. ಎರಡು ಊದುಬತ್ತಿ ಹಚ್ಚಿದೆ. ಎಂಟಕ್ಕೆ ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದೆ. ಎದುರುಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಉರಿಯುತ್ತಿರುವ ಬತ್ತಿ, ರೊಟ್ಟಿ, ತಟ್ಟೆಗಳ ಮೇಲೆ ತಟ್ಟೆ. ಅವನು ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು ಮೇಜಿನ ಪಕ್ಕ ನಿಂತಿದ್ದ. ಬನಿಯನ್ನಿನಂಥ ಟೀಮಿನ ಅಂಗಿ ಬಿಟ್ಟರೆ ಬೇರೇನೂ ತೊಟ್ಟದ್ದನ್ನು ನಾನು ನೋಡಿರಲಿಲ್ಲ.

"ರೀ, ಎದುರುಮನೆ ಬಾಗಿಲು ತೆಗೆದಿದೆ."

"ಸೆಕೆ ಇರ್ಬೇಕು." ಯಜಮಾನರು ಆವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದರು.

"ಎಸಿ ಇಟ್ಕೊಂಡು ಯಾರಾದ್ರೂ ಬಾಗಿಲು ತೆಗೀತಾರಾ?"

"ಅನುಮಾನ ಇದ್ರೆ ಹೋಗಿ ಕೇಳು."

"ಕರೀದೆ ಹೋಗ್ಲಾ? ನನಗೇನು ಮಾನ ಮರ್ಯಾದೆ ಇಲ್ವಾ?"

ಒಳ್ಳೆಯ ಮಾತಿನಲ್ಲಿ ಹೇಳುವುದಾದರೆ ಆವತ್ತು ನನಗೆ ಕುತೂಹಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಹೊಟ್ಟೆಕಿಚ್ಚು. ನನ್ನನ್ನು ಬಿಟ್ಟು ಯಾರನ್ನು ಕರೆದಿದ್ದಾನೆ, ನೋಡಿಯೇ ಬಿಡೋಣ ಎಂದು ಅರ್ಧ ಗಂಟೆಗೊಮ್ಮೆ ಕಿಂಡಿಗೆ ಹೋಗುತ್ತಿದ್ದೆ. ಹತ್ತಕ್ಕೆ ಯಾರೂ ಇಲ್ಲ. ಹನ್ನೆರಡಕ್ಕೆ ಯಾರೂ ಇಲ್ಲ. ಲಿಫ್ಟಿನ ಸದ್ದಾದಾಗಲೆಲ್ಲ ಅವನು ಅಂಗಿಯ ಕಾಲರ್ ಎಳೆದುಕೊಂಡು ನೆಟ್ಟಗಾಗುತ್ತಿದ್ದ. ಇಳಿದವರು ಬೇರೆ ಫ್ಲ್ಯಾಟುಗಳಿಗೆ ಹೋಗುತ್ತಿದ್ದರು. ಪುಚೊಂಗಿಗೆ ದಿನಾ ಬರುವ ನಾಲ್ಕು ಗಂಟೆಯ ಮಳೆಗಾಳಿ ಬಂದು ಅವನ ಬಾಗಿಲನ್ನು ಧಡಾರನೆ ಮುಚ್ಚಿತು. ಅವನು ಮತ್ತೆ ತೆರೆದು, ಮುಚ್ಚದ ಹಾಗೆ ತನ್ನ ಆಟದ ಬೂಟನ್ನು ಅಡ್ಡ ಇಟ್ಟ. ಆಗ ನೋಡಿದೆ, ಬಗ್ಗುವಾಗ ಗೋಡೆ ಹಿಡಿದುಕೊಂಡ.

ಆಮೇಲೆ ನನಗೆ ಕಿಂಡಿ ಬಿಟ್ಟು ಬರಲು ಆಗಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಆದರೂ ಬಿಗುಮಾನ ಬಿಡಬೇಕಲ್ಲ! ಐದೂವರೆಗೆ ಕುಕ್ಕರಿನ ವೆಯ್ಟನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಹೋಗಿ ಅವನ ಬಾಗಿಲಲ್ಲಿ ನಿಂತೆ. "ನನ್ನ ಕುಕ್ಕರಿನ ವೆಯ್ಟು ನಿಮ್ಮನೇಲೇ ಉಳ್ಕೊಂಡಿದೆಯಾ ಅಂತ…" ಎಂದು ಶುರುಮಾಡಿದೆ.

ಅವನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಬನ್ನಿ ಆಂಟಿ," ಎಂದು ಪಕ್ಕಕ್ಕೆ ಸರಿದ. ಅವನ ಮುಖ ನೋಡಿ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗೋಧಿಯ ಬಟ್ಟಲು ಮುಂದೆ ಹಿಡಿದ, ಬಂದವರು ಮೊದಲು ಅದರಲ್ಲಿ ಒಂದು ಚಮಚ ತಿನ್ನಬೇಕು. ತಿಂದೆ. ಬಟ್ಟಲಿನ ಮೇಲ್ಮೈ ನಯವಾಗಿತ್ತು, ಅದಕ್ಕೆ ಬಿದ್ದ ಮೊದಲ ಚಮಚ ನನ್ನದು. ದೇವರ ಮುಂದಿಟ್ಟು ಪ್ರಾರ್ಥಿಸುವ ಮುಂಚೆ ಅದನ್ನು ಯಾರಿಗೂ ಕೊಡುವ ಹಾಗಿಲ್ಲವಂತೆ. ಕುಕ್ಕರ್ ಬರಿದಾಗಿ ಬಂದದ್ದು ಅದಕ್ಕೆ. ಆಮೇಲೆ ಮೇಜಿನ ತುದಿಯಲ್ಲಿ ಬೇರೆಯಾಗಿಟ್ಟಿದ್ದ ಪಾತ್ರೆಯ ಮುಚ್ಚಳ ತೆಗೆದ. ಈರುಳ್ಳಿ ಹಾಕಿ ಒಲೆಯಲ್ಲಿ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ.

"ಇದಕ್ಕೆ ಮೀನಿನ ಚಮಚ ತಾಗಿಸಿಲ್ಲ. ಪಾತ್ರೆ ಹೊಸದು. ಬೆಳ್ಳುಳ್ಳಿ ಇಲ್ಲ. ನಿಮಗೆ ಅಂತ," ಅಂದ.

ನಾನು ಅತ್ತುಬಿಟ್ಟೆ. ಅಳುತ್ತಲೇ ಬೈದೆ. "ಹಾಗಾದ್ರೆ ಕರೀಲಿಲ್ಲ ಯಾಕೆ? ಒಂದು ಮಾತು ಬಾ ಅಂದಿದ್ರೆ ಬೆಳಗ್ಗೆ ಎಂಟಕ್ಕೇ ಬರ್ತಿದ್ನಲ್ಲಪ್ಪಾ!"

ಅವನು ಗಾಬರಿಯಾದ. "ಸ್ಲಾವಾಕ್ಕೆ ಕರೆಯೋ ಹಾಗಿಲ್ಲ, ಆಂಟಿ. ಒಬ್ಬರನ್ನ ಕರೆದರೆ, ಕರೆಯದ ಇನ್ನೊಬ್ಬರಿಗೆ ನೀನು ಬರಬೇಡ ಅಂದ ಹಾಗೆ. ಬತ್ತಿ ಹಚ್ಚಿ ಬಾಗಿಲು ತೆಗೀಬೇಕು, ದಿನ ಗೊತ್ತಿರೋರು ತಾವೇ ಬರ್ತಾರೆ. ಅದಕ್ಕೇ ನಿಮಗೆ ದಿನ ಹೇಳಿದೆ. ಮೂರು ಸಲ ಹೇಳಿದೆ."

ಹೇಳಿದ್ದ. ಮೂರೂ ಸಲ ಹೇಳಿದ್ದ. ಇಡೀ ಮಹಡಿಗೆ, ಕೆಳಗಿನ ವಾಚ್‌ಮನ್‌ಗಳಿಗೆ, ನನ್ನ ಗೆಳತಿಗೆ, ಎಲ್ಲರಿಗೂ ಹೇಳಿದ್ದ. ಅವನ ಪ್ರಕಾರ ಅದಕ್ಕಿಂತ ದೊಡ್ಡ ಕರೆ ಇಲ್ಲ, ನಮ್ಮ ಪ್ರಕಾರ ಅದು ಕರೆಯೇ ಅಲ್ಲ. ಒಂಬತ್ತು ದೇಶದಲ್ಲಿ ಏನು ತಿಂದ, ಎಲ್ಲಿ ಮಲಗಿದ ಎಂದು ಎರಡು ವರ್ಷ ಕೇಳಿದ ನಾನು, ಅವರಲ್ಲಿ ನೆಂಟರು ಹೇಗೆ ಬರುತ್ತಾರೆ ಎಂದು ಒಂದು ಮಾತು ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಹೋಗಿ ಯಜಮಾನರನ್ನು ಕಂಪ್ಯೂಟರಿನಿಂದ ಎಬ್ಬಿಸಿದೆ. ಪ್ಯಾಂಟು ಹಾಕಿಕೊಳ್ಳಿ ಎಂದೆ. ಗೆಳತಿಗೆ ಫೋನ್ ಮಾಡಿದೆ.

"ಬೇಗ ಬಾ. ನಮಗಾಗಿ ಕಾಯ್ತಿದ್ದಾನೆ ಕಣೇ, ಬೆಳಗ್ಗೆಯಿಂದ."

"ಅವ ಕರ್ದಿದ್ದಾನಾ?"

"ಅವರಲ್ಲಿ ಕರೆಯೋ ಹಾಗೇ ಇಲ್ವಂತೆ!"

"ದೇವರೇ. ಇಗಾ, ಎಲ್‌ಆರ್‌ಟಿ ರೈಲು ಹತ್ತಿದೆ," ಅಂದಳು.

ನಾವು ತಿರುಗಿ ಬಂದಾಗ ಮೇಜಿನ ಮೇಲೆ ಅವನ ಫೋನು ನಡುಗುತ್ತಿತ್ತು. ಪರದೆಯ ಮೇಲೆ ಅಮ್ಮನ ಮುಖ. ಅವನು ಅದನ್ನು ನೋಡುತ್ತ ಎತ್ತದೆ ನಿಂತಿದ್ದ. ಬೆಳಗ್ಗೆಯಿಂದ ಆರು ಸಲ ಮಾಡಿದ್ದಾರಂತೆ, ಯಾರು ಯಾರು ಬಂದರು ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ಎತ್ತಿರಲಿಲ್ಲ. ನಾನೇ ಫೋನು ಕಸಿದು ಎತ್ತಿದೆ. ಆ ಮುದುಕಿ ನನ್ನನ್ನು ನೋಡಿದರು, ನನ್ನ ಹಿಂದೆ ತಟ್ಟೆ ಹಿಡಿದು ನಿಂತ ಯಜಮಾನರನ್ನು ನೋಡಿದರು, ಇನ್ನೂ ಯಾರಿದ್ದಾರೆ ಎಂದು ಕತ್ತು ಚಾಚಿ ಎರಡೂ ಬದಿಗೆ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತರು.

ರೊಟ್ಟಿ ಇನ್ನೂ ಕೊಯ್ದಿರಲಿಲ್ಲ. ಅದನ್ನು ಒಬ್ಬನೇ ಕೊಯ್ಯುವಂತಿಲ್ಲ, ಬಂದವರು ಮನೆಯವನ ಜೊತೆ ಕೈಜೋಡಿಸಿ ಹಿಡಿದು ತಿರುಗಿಸಬೇಕು. ನಾವಿಬ್ಬರೂ ಒಂದೊಂದು ಅಂಚು ಹಿಡಿದೆವು. ಅವನು ತಗ್ಗಿದ ದನಿಯಲ್ಲಿ ಏನೋ ಹೇಳುತ್ತ ತಿರುಗಿಸಿದ, ಅಡಿಯಲ್ಲಿ ಶಿಲುಬೆಯ ಹಾಗೆ ಚಾಕುವಿನಿಂದ ಗೀರಿ ಅದರ ಮೇಲೆ ವೈನ್ ಸುರಿದ, ಆಮೇಲೆ ಮೂವರೂ ಎಳೆದು ಮುರಿದೆವು. ದೇವರ ಮುಂದೆ ಹೆಂಡವೇ ಎಂದು ನನ್ನ ಅಜ್ಜಿ ಮೇಲಿನಿಂದ ಕೇಳಿರಬಹುದು. ಕೇಳಲಿ.

ಊಟಕ್ಕೆ ಕೂತೆವು. ಅವನು ಬಡಿಸಿದ. ಮನೆಯ ಹೊರಗೆ ಎಲ್ಲವನ್ನೂ ತಿನ್ನುವ ಯಜಮಾನರಿಗೆ ಮೀನು, ನನಗೆ ನನ್ನ ಹುರುಳಿಕಾಯಿ ಬೀಜ. ತಟ್ಟೆ ಖಾಲಿಯಾಗಲು ಬಿಡದೆ ಸುತ್ತ ಓಡಾಡುತ್ತಿದ್ದ, ಪ್ರತಿ ಹೆಜ್ಜೆಗೂ ಎಡಗಾಲು ಎಳೆಯುತ್ತಿತ್ತು. ನಾಲ್ಕು ಸಲ ಹೇಳಿದೆ, ನೀವೂ ಕೂತ್ಕೊಳ್ಳಿ ಎಂದು. ಕೂರಲಿಲ್ಲ. ಐದನೇ ಸಲ ಗದರಿಕೊಂಡಾಗ ಹೇಳಿದ: ಸ್ಲಾವಾದ ದಿನ ಮನೆಯ ಯಜಮಾನ ಕೂರುವುದಿಲ್ಲ. ಬತ್ತಿ ಹಚ್ಚಿದಲ್ಲಿಂದ ಕೊನೆಯ ನೆಂಟರು ಹೋಗುವವರೆಗೆ 'ನಿಂತು' ಉಪಚರಿಸಬೇಕು. ಅವನ ಅಪ್ಪ ಕೊನೆಯ ವರ್ಷವೂ ಕೋಲು ಹಿಡಿದು ನಿಂತಿದ್ದರಂತೆ.

ಅಂದರೆ ಬೆಳಗ್ಗೆ ಎಂಟರಿಂದ. ನಾನು ಕಿಂಡಿಯಲ್ಲಿ ನೋಡಿದಾಗಲೆಲ್ಲ ಅವನು ನಿಂತೇ ಇದ್ದ, ಅದು ಕಂಡೂ ನನಗೆ ಕಂಡಿರಲಿಲ್ಲ. ಟೀಮು ಬಿಟ್ಟುಹೋದ ಆ ಮೊಣಕಾಲಿನ ಮೇಲೆ, ಹತ್ತು ಗಂಟೆ. ನಾನು ಧಡಕ್ಕನೆ ಎದ್ದೆ.

"ಏಳ್ರೀ, ಹೊರಡೋಣ. ನಾವು ಹೋದ್ರೆ ತಾನೇ ಅವನು ಕೂತ್ಕೊಳ್ಳೋದು? ಪಾಪ, ಕೂತ್ಕೊಳ್ಳಲಿ."

ಅವನು ಬಾಗಿಲಿಗೆ ಅಡ್ಡ ಬಂದು ಎರಡೂ ಕೈ ಚಾಚಿ ನಿಂತ. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ಬೇಡ ಆಂಟಿ, ಹೋಗ್ಬೇಡಿ. ಬೆಳಗ್ಗೆಯಿಂದ ಸುಮ್ನೆ ನಿಂತಿದ್ದೆ, ಆಗ ಕಾಲು ನೋಯ್ತಿತ್ತು. ಈಗ ನೀವು ಇದ್ದೀರಿ. ಈಗ ನಿಂತಿರೋಕೆ ಬಿಡಿ."

ನಾನು ಕೂತೆ. ಯಜಮಾನರು ತಟ್ಟೆಯನ್ನು ಮುಂದಕ್ಕೆ ಸರಿಸಿ ಇನ್ನೊಂದು ಮೀನು ಹಾಕಿಸಿಕೊಂಡರು. ಅವರ ಹೊಟ್ಟೆ ಆಗಲೇ ತುಂಬಿತ್ತು ಎಂದು ನನಗೆ ಗೊತ್ತು. ಅಷ್ಟರಲ್ಲಿ ಗೆಳತಿ ಆಫೀಸಿನ ಬಟ್ಟೆಯಲ್ಲೇ, ಉಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು. ಅವನು ಗೋಧಿಯ ಬಟ್ಟಲು ತರಲು ಕುಂಟುತ್ತ ಮೇಜಿನ ಆಚೆ ತುದಿಗೆ ಹೊರಟ. ಬಟ್ಟಲು ನನ್ನ ಕೈಗೆ ಎಟಕುವಷ್ಟು ಹತ್ತಿರವೇ ಇತ್ತು. ಯಾರ ಮನೆಗೆ ಹೋದರೂ ಅಡುಗೆಮನೆಗೆ ನುಗ್ಗಿ ಕೈಯಾಡಿಸುವವಳು ನಾನು, ಎದ್ದು ಕೊಟ್ಟುಬಿಡಲು ಕೈಕಾಲು ತುಡಿಯಿತು. ಏಳಲಿಲ್ಲ.